ಕುಕ್ಕರ್ ರಬ್ಬರು, ಪೊರಕೆ ಹಿಡಿ ಮತ್ತು ಮಾಕ್ ಒಂದು

14 ಅಕ್ಟೋಬರ್ 2024, ಸೋಮವಾರ
ಬೆಂಗಳೂರು

ಬೆಳಿಗ್ಗೆ ಕುಕ್ಕರ್ ಕೂಗಲೇ ಇಲ್ಲ. ಮುಚ್ಚಳದ ಸುತ್ತ ಬುಸುಬುಸು ಆವಿ, ಬೇಳೆ ನೀರು ಒಲೆ ಮೇಲೆಲ್ಲ. ಅಮ್ಮ ರಬ್ಬರನ್ನು ಬಿಚ್ಚಿ ಫ್ರೀಜರ್‌ಗೆ ಹಾಕಿದರು. ಹತ್ತು ನಿಮಿಷ ತಣ್ಣಗಿಟ್ಟರೆ ಬಿಗಿಯಾಗುತ್ತದೆ ಅನ್ನೋದು ಅವರ ಲೆಕ್ಕ. "ಇವತ್ತಿಗೆ ಹೇಗೋ ಆಗುತ್ತೆ. ಸಾಯಂಕಾಲ ಬರ್ತಾ ಹೊಸದು ತಗೊಂಡು ಬಾ, ಐದು ಲೀಟರ್‌ದು" ಅಂದರು.

ಕ್ಯಾಲೆಂಡರ್ ನೋಡಿದೆ. ಅಕ್ಟೋಬರ್ 14. ವಿಮಾನದ ಹುಚ್ಚಿರುವ ನನ್ನಂಥವರಿಗೆ ಇದು ಹಬ್ಬದ ದಿನ. 77 ವರ್ಷಗಳ ಹಿಂದೆ ಇದೇ ದಿನ ಅಮೆರಿಕದ ಪೈಲಟ್ ಚಕ್ ಯೇಗರ್ ಶಬ್ದಕ್ಕಿಂತ ವೇಗವಾಗಿ ಹಾರಿದರು. ಆ ಕಥೆಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಇವತ್ತು ಪೂರ್ತಿ ದಿನ ತಲೆಯಲ್ಲಿ ಓಡಿದ್ದು ಬರೀ ಬಾಗಿಲು, ಚಿಲಕ, ವಾಷರ್.

ಶಬ್ದದ ವೇಗ ನೆಲದ ಹತ್ತಿರ ಗಂಟೆಗೆ ಸುಮಾರು 1,225 ಕಿ.ಮೀ. ಮೇಲೆ ಗಾಳಿ ತಣ್ಣಗಾದಂತೆ ಅದೂ ಇಳಿಯುತ್ತದೆ. 13 ಕಿ.ಮೀ. ಎತ್ತರದಲ್ಲಿ 1,060ರ ಆಸುಪಾಸು. 1940ರ ದಶಕದಲ್ಲಿ ಈ ವೇಗದ ಹತ್ತಿರ ಏನಾಗುತ್ತದೆ ಅಂತ ನೋಡಲು ಸರಿಯಾದ ಗಾಳಿ ಸುರಂಗವೇ (ಮಾದರಿ ವಿಮಾನದ ಮೇಲೆ ಜೋರಾಗಿ ಗಾಳಿ ಹಾಯಿಸಿ ನೋಡುವ ಕೊಳವೆ) ಇರಲಿಲ್ಲ. ಇದ್ದ ಸುರಂಗಗಳಲ್ಲಿ ಮಾಕ್ ಒಂದರ, ಅಂದರೆ ಶಬ್ದದ ವೇಗದ, ಹತ್ತಿರ ಬಂದರೆ ಗಾಳಿ ಕಟ್ಟಿಕೊಳ್ಳುತ್ತಿತ್ತು, ಆಘಾತ ಅಲೆಗಳು (ಗಾಳಿಯ ಒತ್ತಡ ಒಮ್ಮೆಲೇ ಏರುವ ಅಲೆಗಳು) ಗೋಡೆಗೆ ಬಡಿದು ವಾಪಸ್ ಬರುತ್ತಿದ್ದವು. ಅಳೆದದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹಾಗಾಗಿ ಆಕಾಶವೇ ಪ್ರಯೋಗಾಲಯ, ಒಳಗೆ ಒಬ್ಬ ಮನುಷ್ಯ. ಇಂಗ್ಲೆಂಡಿನಲ್ಲಿ 1946ರ ಸೆಪ್ಟೆಂಬರ್ 27ರಂದು ಜೆಫ್ರಿ ಡಿ ಹ್ಯಾವಿಲೆಂಡ್ ಹಾರಿಸುತ್ತಿದ್ದ ಬಾಲವಿಲ್ಲದ ಡಿಎಚ್ 108 ವಿಮಾನ ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಗಾಳಿಯಲ್ಲೇ ಚೂರಾಯಿತು. ವಿಮಾನ ಅವರ ತಂದೆಯ ಕಂಪನಿಯದ್ದೇ.

ಅಮೆರಿಕದ ಬೆಲ್ ಕಂಪನಿಯ ಎಕ್ಸ್-1 ನೋಡಲು ಥೇಟ್ ಬಂದೂಕಿನ ಗುಂಡು. ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೂ ನೆಟ್ಟಗೆ ಹೋಗುತ್ತದೆ ಅನ್ನೋದು ಗೊತ್ತಿತ್ತು, ಅದೇ ಆಕಾರ ಕೊಟ್ಟರು. ನಾಲ್ಕು ಕೊಳವೆಯ ರಾಕೆಟ್ ಎಂಜಿನ್, ಅದಕ್ಕೆ ನೀರು ಬೆರೆಸಿದ ಆಲ್ಕೋಹಾಲ್ ಮತ್ತು ದ್ರವ ಆಮ್ಲಜನಕ. ನಾಲ್ಕನ್ನೂ ಒಟ್ಟಿಗೆ ಹಚ್ಚಿದರೆ ಎರಡೂವರೆ ನಿಮಿಷಕ್ಕೆ ಟ್ಯಾಂಕ್ ಖಾಲಿ. ನೆಲದಿಂದ ಏರಿದರೆ ಏರುವುದಕ್ಕೇ ಇಂಧನ ಮುಗಿಯುತ್ತದೆ. ಅದಕ್ಕೇ ಬಿ-29 ಬಾಂಬರ್‌ನ ಹೊಟ್ಟೆಗೆ ನೇತುಹಾಕಿ ಮೇಲಕ್ಕೆ ಒಯ್ದು ಕೆಳಗೆ ಬಿಡುತ್ತಿದ್ದರು.

ಜಾಗ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಮುರಾಕ್. ಅಲ್ಲಿ ಮೊದಲು ನೆಲೆಸಿದ ಕೋರಮ್ ಎಂಬ ಕುಟುಂಬದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಿರುಗಿಸಿ ಬರೆದದ್ದೇ ಈ ಊರಿನ ಹೆಸರು! ಒಣಗಿದ ಕೆರೆಯೇ ರನ್‌ವೇ.

ಭಾನುವಾರ ರಾತ್ರಿ, ಅಂದರೆ 1947ರ ಅಕ್ಟೋಬರ್ 12ರಂದು ಯೇಗರ್ ಹೆಂಡತಿ ಗ್ಲೆನಿಸ್ ಜೊತೆ ಕುದುರೆ ಸವಾರಿಗೆ ಹೋದರು. ಕತ್ತಲಲ್ಲಿ ಮುಚ್ಚಿದ ಗೇಟು ಕಾಣಲಿಲ್ಲ. ಬಿದ್ದರು, ಬಲಗಡೆ ಎರಡು ಪಕ್ಕೆಲುಬು ಮುರಿಯಿತು. ಸೇನೆಯ ಡಾಕ್ಟರಿಗೆ ಹೇಳಿದರೆ ಹಾರಲು ಬಿಡುವುದಿಲ್ಲ. ಹೊರಗಡೆ ಎಲ್ಲೋ ಪಟ್ಟಿ ಕಟ್ಟಿಸಿಕೊಂಡು ಬಂದರು. ಗುಟ್ಟು ಗೊತ್ತಿದ್ದದ್ದು ಹೆಂಡತಿಯನ್ನು ಬಿಟ್ಟರೆ ಎಂಜಿನಿಯರ್ ಜ್ಯಾಕ್ ರಿಡ್ಲಿ ಒಬ್ಬರಿಗೆ.

ಸಮಸ್ಯೆ ವಿಮಾನ ಓಡಿಸುವುದಲ್ಲ, ಬಾಗಿಲು ಹಾಕುವುದು. ಬಾಂಬರ್ ಹಾರುತ್ತಿರುವಾಗಲೇ ಏಣಿ ಇಳಿದು ಎಕ್ಸ್-1ರೊಳಗೆ ತೂರಿಕೊಳ್ಳಬೇಕು. ಬಲಗಡೆಯ ಬಾಗಿಲನ್ನು ರಿಡ್ಲಿ ಹೊರಗಿನಿಂದ ಒತ್ತಿ ಹಿಡಿಯುತ್ತಾರೆ, ಯೇಗರ್ ಒಳಗಿನಿಂದ ಚಿಲಕ ಹಾಕಬೇಕು. ಮುರಿದ ಪಕ್ಕೆಲುಬು ಇಟ್ಟುಕೊಂಡು ಬಲಗೈ ಎತ್ತುವುದು ಹೇಗೆ? ರಿಡ್ಲಿ ಹ್ಯಾಂಗರ್‌ನಲ್ಲಿದ್ದ ಪೊರಕೆಯ ಹಿಡಿಯನ್ನು ಗೇಣುದ್ದ ಗರಗಸದಲ್ಲಿ ಕೊಯ್ದು ಕೊಟ್ಟರು. ಅದನ್ನು ಎಡಗೈಯಲ್ಲಿ ಹಿಡಿದು ಮೀಟಿದರೆ ಚಿಲಕ ಬೀಳುತ್ತದೆ. (ನಮ್ಮ ತೆಂಗಿನ ಗರಿಯ ಪೊರಕೆಯಾಗಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.)

ರಿಡ್ಲಿಯ ಇನ್ನೊಂದು ಉಪಕಾರ ಇದಕ್ಕಿಂತ ದೊಡ್ಡದು. ಕೆಲವು ದಿನ ಮುಂಚೆ ಮಾಕ್ 0.94ರಲ್ಲಿ ಯೇಗರ್ ಸ್ಟಿಕ್ ಎಳೆದರೆ ವಿಮಾನದ ಮೂತಿ ಅಲ್ಲಾಡಿರಲಿಲ್ಲ. ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿಗೆ ಎಲಿವೇಟರ್ ಅಂತಾರೆ, ಅದರ ಕೀಲಿನ ಮೇಲೇ ಆಘಾತ ಅಲೆ ಕೂತಿತ್ತು. ಎಲಿವೇಟರ್ ಬಿಟ್ಟುಬಿಡಿ, ಬಾಲದ ಇಡೀ ಅಡ್ಡ ರೆಕ್ಕೆಯನ್ನೇ ಚೂರು ಚೂರು ತಿರುಗಿಸಿ ಅಂದರು ರಿಡ್ಲಿ. ಕೆಲಸ ಆಯಿತು. ಪೊರಕೆ ಕಥೆ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಮಾಕ್ ಒಂದನ್ನು ದಾಟಿಸಿದ್ದು ಈ ಬಾಲ. ಆಮೇಲೆ ಸೇಬರ್ ಫೈಟರ್‌ಗಳಿಗೂ ಇಡೀ ತಿರುಗುವ ಬಾಲ ಬಂತು.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮುಂಚೆ ಬಾಂಬರ್ ಎಕ್ಸ್-1 ಅನ್ನು ಬಿಟ್ಟಿತು. ಸ್ವಲ್ಪ ಹೊತ್ತಿಗೆ ಮಾಕ್ ಮೀಟರಿನ ಮುಳ್ಳು ನಡುಗಿ ಕೊನೆಯ ಗುರುತು ದಾಟಿ ಹೋಯಿತು. ಮೀಟರಿನಲ್ಲಿ ಗುರುತು ಇದ್ದದ್ದೇ ಒಂದರವರೆಗೆ. ಆಮೇಲೆ ಲೆಕ್ಕ ಹಾಕಿದಾಗ ಮಾಕ್ 1.06, ಗಂಟೆಗೆ ಸುಮಾರು 1,130 ಕಿ.ಮೀ. ಕುಲುಕಾಟ ನಿಂತು ಒಳಗೆ ನುಣ್ಣಗಾಯಿತಂತೆ. ಗುಡುಗು ಕೇಳಿಸಿದ್ದು ನೆಲದಲ್ಲಿದ್ದವರಿಗೆ. ಹದಿನಾಲ್ಕು ನಿಮಿಷಕ್ಕೆ ಕೆರೆಯಂಗಳದಲ್ಲಿ ವಿಮಾನ ಇಳಿದಿತ್ತು. ಸರ್ಕಾರ ಬಾಯಿ ಬಿಟ್ಟಿದ್ದು ಮುಂದಿನ ವರ್ಷ ಜೂನ್‌ನಲ್ಲಿ.

ಇನ್ನು ವಾಷರ್ ವಿಷಯ. ಮೊದಲ ಎಕ್ಸ್-1ರ ನಂತರ ಬಂದ ರಾಕೆಟ್ ವಿಮಾನಗಳು ಒಂದಾದ ಮೇಲೊಂದು ಸಿಡಿಯತೊಡಗಿದವು. 1951ರ ಆಗಸ್ಟ್‌ನಲ್ಲಿ ಎಕ್ಸ್-1ಡಿ. ನವೆಂಬರ್‌ನಲ್ಲಿ ಮೂರನೇ ಎಕ್ಸ್-1, ನೆಲದ ಮೇಲೇ, ಅದನ್ನು ಹೊತ್ತೊಯ್ಯುವ ತಾಯಿ ವಿಮಾನದ ಸಮೇತ. ಪೈಲಟ್ ಜೋ ಕ್ಯಾನನ್ ತುಂಬಾ ದಿನ ಆಸ್ಪತ್ರೆಯಲ್ಲಿದ್ದರು. 1953ರ ಮೇ 12ರಂದು ಒಂಟಾರಿಯೋ ಸರೋವರದ ಮೇಲೆ ಎಕ್ಸ್-2. ಪೈಲಟ್ ಸ್ಕಿಪ್ ಝೀಗ್ಲರ್, ತಾಯಿ ವಿಮಾನದಲ್ಲಿದ್ದ ಫ್ರ್ಯಾಂಕ್ ವೋಲ್ಕೋ ಇಬ್ಬರೂ ಹೋದರು. 1955ರಲ್ಲಿ ಎಕ್ಸ್-1ಎ. ಅದರೊಳಗಿದ್ದ ಜೋ ವಾಕರ್ ಬಾಂಬರ್‌ಗೆ ವಾಪಸ್ ಹತ್ತಿ ಬದುಕಿದರು, ವಿಮಾನವನ್ನು ಮರುಭೂಮಿಗೆ ಬಿಸಾಡಿದರು.

ಆ ಸಲ ಅವಶೇಷಗಳಲ್ಲಿ ಕಾರಣ ಸಿಕ್ಕಿತು. ಚರ್ಮದ ಗ್ಯಾಸ್ಕೆಟ್! ಚರ್ಮ ಒಣಗದಿರಲಿ ಅಂತ ಅದಕ್ಕೆ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ಎಣ್ಣೆಯಂಥ ವಸ್ತು ಕುಡಿಸಿದ್ದರು. ದ್ರವ ಆಮ್ಲಜನಕದ ಜೊತೆ ಸೇರಿದರೆ ಒಂದು ಸಣ್ಣ ಏಟಿಗೇ ಅದು ಸಿಡಿಯುತ್ತದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ತಾತನ ಸೈಕಲ್ ಪಂಪು. ಅದರೊಳಗೂ ಚರ್ಮದ ವಾಷರ್. ಗಾಳಿ ಹಿಡಿಯದಿದ್ದರೆ ತಾತ ಪಂಪು ಬಿಚ್ಚಿ, ವಾಷರ್‌ಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬೆರಳಲ್ಲಿ ಅಗಲ ಮಾಡಿ ಕೂರಿಸುತ್ತಿದ್ದರು. ಸೀಮೆಎಣ್ಣೆ ಪಂಪ್ ಸ್ಟೋವಿಗೂ ಅದೇ ವೈದ್ಯ. ರಾಕೆಟ್ ಮಾಡಿದವರೂ ತಾತನ ಹಾಗೇ ಯೋಚಿಸಿದ್ದರು ಅಷ್ಟೆ. ಯಾರೋ ದಡ್ಡರು ಅಂತ ಬೈಯೋಕೆ ಮನಸ್ಸು ಬರೋದಿಲ್ಲ. ಆದರೆ ನಾಲ್ಕು ವಿಮಾನ, ನಾಲ್ಕು ವರ್ಷ ಬೇಕಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಅಮ್ಮನ ಫ್ರೀಜರ್ ಉಪಾಯಕ್ಕೂ ಅಲ್ಲಿ ನೆಂಟರಿದ್ದಾರೆ. 1953ರ ನವೆಂಬರ್ 20ರಂದು ಸ್ಕಾಟ್ ಕ್ರಾಸ್‌ಫೀಲ್ಡ್ ಸ್ಕೈರಾಕೆಟ್ ಎಂಬ ರಾಕೆಟ್ ವಿಮಾನದಲ್ಲಿ ಮೊದಲ ಬಾರಿಗೆ ಮಾಕ್ 2 ದಾಟಿದರು. ಆಲ್ಕೋಹಾಲನ್ನು ಚೆನ್ನಾಗಿ ತಣ್ಣಗೆ ಮಾಡಿದ್ದರು, ಅದೇ ಟ್ಯಾಂಕಿನಲ್ಲಿ ಇನ್ನಷ್ಟು ಹಿಡಿಸಲಿ ಅಂತ. ವಿಮಾನದ ಮೈಗೆಲ್ಲ ಮೇಣ ಹಚ್ಚಿ ಉಜ್ಜಿದ್ದರು. ದಾಟಿದ್ದು ಕೂದಲೆಳೆಯಷ್ಟು, ಮಾಕ್ 2.005. ಪೈಲಟ್‌ಗೆ ಆವತ್ತು ಫ್ಲೂ ಬೇರೆ.

ಮಾಕ್ 3 ದಾಟಿದ ಪೈಲಟ್ ಮೆಲ್ ಆ್ಯಪ್ಟ್ ವಾಪಸ್ ಬರಲಿಲ್ಲ. 1956ರ ಸೆಪ್ಟೆಂಬರ್ 27, ಅವರ ಮೊದಲ ರಾಕೆಟ್ ಹಾರಾಟ. ವೇಗ ಇಳಿಯುವ ಮುಂಚೆ ತಿರುಗಿಸಿದರು, ಉಳಿದಿದ್ದ ಇನ್ನೊಂದು ಎಕ್ಸ್-2 ಬುಗುರಿಯಂತೆ ಉರುಳಿತು. ಮೊದಲ ಹಾರಾಟಕ್ಕೇ ಅಷ್ಟು ವೇಗ ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಸಾಯಂಕಾಲ ಆಫೀಸಿನಿಂದ ಬರುವಾಗ ಸುರಂಜನ್ ದಾಸ್ ರಸ್ತೆಯಲ್ಲಿ ಅರ್ಧ ಗಂಟೆ ನಿಂತೆ. ಮೋಡ ಕವಿದಿತ್ತು, ಮುಂದಿನ ಬಸ್ಸಿಗೆ ಆಯುಧ ಪೂಜೆಯ ಬಾಳೆಕಂದು ಇನ್ನೂ ಕಟ್ಟಿತ್ತು, ಪೂರ್ತಿ ಬಾಡಿ. ಈ ದಾಸ್ ಯಾರು ಅಂತ ಇಲ್ಲಿ ಹಾರ್ನ್ ಹೊಡೆಯುವ ಎಷ್ಟು ಜನಕ್ಕೆ ಗೊತ್ತೋ. ಜರ್ಮನಿಯ ಕುರ್ಟ್ ಟ್ಯಾಂಕ್ ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ್ ಅನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಅವರು. ಮಾಕ್ 2ರ ಆಸೆಯಲ್ಲಿ ಹುಟ್ಟಿದ ವಿಮಾನ ಅದು. ತಕ್ಕ ಎಂಜಿನ್ ಸಿಗದೆ ಮಾಕ್ ಒಂದರ ಆಸುಪಾಸಿನಲ್ಲೇ ಉಳಿಯಿತು. ಎಂಜಿನ್‌ಗೆ ಇನ್ನಷ್ಟು ಬಲ ಕೊಡಲು ಮಾಡಿದ ಮಾದರಿಯನ್ನು 1970ರ ಜನವರಿ 10ರಂದು ಹಾರಿಸುವಾಗ ದಾಸ್ ತೀರಿಕೊಂಡರು. ಮೇಲೇರಿದ ಕೂಡಲೇ ಕಾಕ್‌ಪಿಟ್‌ನ ಮುಚ್ಚಳ ತೆರೆದುಕೊಂಡಿತು ಅಂತ ಬರೆದವರಿದ್ದಾರೆ.

ಹಿಂದಿನವನು ಹಾರ್ನ್ ಹೊಡೆದ. ಗಾಡಿ ಮುಂದೆ ತಗೊಂಡೆ.

ಪಾತ್ರೆ ಅಂಗಡಿ ಮುಚ್ಚುವ ಹೊತ್ತಿಗೆ ತಲುಪಿದೆ. ಐದು ಲೀಟರ್ ಕುಕ್ಕರ್ ರಬ್ಬರ್ ಕೊಡಿ ಅಂದೆ. ಕಂಪನಿ ಕೇಳಿದರು, ಹೇಳಿದೆ. "ಒಳಮುಚ್ಚಳದ್ದೋ ಹೊರಮುಚ್ಚಳದ್ದೋ ಸಾರ್? ಎರಡೂ ಬೇರೆ ಬೇರೆ, ಒಂದಕ್ಕೊಂದು ಕೂರಲ್ಲ" ಅಂದರು.

ಅಮ್ಮನಿಗೆ ಫೋನ್ ಮಾಡಿದೆ.