ತಲೆ ವಾಲಿಸಿದರೆ ಹೊಳೆಯುವ ಕೆರೆ

ಸಂಜೆ ಅಮಾನಿಕೆರೆ ಏರಿ ಮೇಲೆ ನಿಂತಿದ್ದೆ, ಅಣ್ಣನ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು. ನೀರಿನ ಮೇಲೆ ಕಣ್ಣು ಕುಕ್ಕುತ್ತಿದ್ದ ಬಿಸಿಲು ಮಾಯ.

ಸುಮ್ನೆ ತಲೆಯನ್ನು ಹೆಗಲ ಕಡೆ ವಾಲಿಸಿದೆ. ಝಗ್ ಅಂತ ಹೊಳಪು ವಾಪಸ್ ಬಂತು! ನೆಟ್ಟಗೆ ಮಾಡಿದರೆ ಮತ್ತೆ ಹೋಯಿತು. ಹತ್ತು ಸಲ ಮಾಡಿ ನೋಡಿದ್ದೇನೆ. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಅಜ್ಜನಿಗೂ ಕನ್ನಡಕ ಕೊಟ್ಟೆ. "ಅರೆ, ಹೌದಲ್ಲಪ್ಪಾ!" ಅಂದರು.

ನೀರಿಂದ ಚಿಮ್ಮುವ ಬೆಳಕು ಹೆಚ್ಚಾಗಿ ಅಡ್ಡಡ್ಡಕ್ಕೆ ಅಲುಗುತ್ತದೆ. ಕನ್ನಡಕ ಅದನ್ನು ತಡೆಯುತ್ತದೆ, ಅಷ್ಟೇ. ತಲೆ ವಾಲಿಸಿದರೆ ಕನ್ನಡಕ ತಡೆಯುವ ದಿಕ್ಕೂ ವಾಲುತ್ತದೆ, ಹೊಳಪು ಒಳಗೆ ನುಸುಳುತ್ತದೆ.

ಆಗ ನೆನಪಾಗಿದ್ದು 3ಸಿ 279. ಕನ್ಯಾ ರಾಶಿಯ ದಿಕ್ಕಿನಲ್ಲಿರುವ ಒಂದು ಬ್ಲೇಜಾರ್, ಅಂದರೆ ದೂರದ ಗ್ಯಾಲಕ್ಸಿಯೊಂದರ ಝಗಮಗಿಸುವ ನಡುಭಾಗ. ಅದರ ನಡುವೆ ದೈತ್ಯ ಕಪ್ಪುಕುಳಿ. ಅಲ್ಲಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಒಂದು ಜೆಟ್, ಅಂದರೆ ಕಣಗಳ ಧಾರೆ, ನಮ್ಮ ಕಡೆಗೇ ಚಿಮ್ಮುತ್ತಿದೆ. ಕಾಂತಕ್ಷೇತ್ರಕ್ಕೆ ಸುತ್ತಿಕೊಂಡು ಓಡುವ ಎಲೆಕ್ಟ್ರಾನುಗಳು ಬೆಳಕು ಸೂಸುತ್ತವೆ. ಆ ಬೆಳಕು ಯಾವ ಕಡೆಗೆ ಅಲುಗುತ್ತಿದೆ ಅಂತ ಅಳೆದರೆ, ಅಲ್ಲಿನ ಕಾಂತಕ್ಷೇತ್ರ ಹೇಗೆ ಮಲಗಿದೆ ಅನ್ನುವ ಸುಳಿವು ಸಿಗುತ್ತದೆ. ದೂರದರ್ಶಕದಲ್ಲಿ ಕಾಣುವುದು ಬರೀ ಒಂದು ಚುಕ್ಕೆ, ನೆನಪಿರಲಿ.

2009ರಲ್ಲಿ, ಬೆಳಕು ಅಲುಗುವ ಆ ದಿಕ್ಕಿನ ಕೋನ ಸುಮಾರು 20 ದಿನದಲ್ಲಿ 208 ಡಿಗ್ರಿ ತಿರುಗಿತು. ಅದೇ ಹೊತ್ತಿಗೆ ಗಾಮಾ ಕಿರಣಗಳೂ ಭುಗಿಲೆದ್ದಿದ್ದವು. ಜೆಟ್‌ನೊಳಗೆ ಏನೋ ಬಾಗಿದ ದಾರಿಯಲ್ಲಿ ಸಾಗಿತ್ತು ಅಂತ ಖಗೋಳ ವಿಜ್ಞಾನಿಗಳು ಯೋಚಿಸಿದರು.

ಆ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಭೂಮಿಯೇ ಹುಟ್ಟಿರಲಿಲ್ಲ. 500 ಕೋಟಿ ವರ್ಷಕ್ಕೂ ಜಾಸ್ತಿ ನಡೆದು ಬಂದರೂ ತನ್ನ ವಾಲು ಮರೆತಿಲ್ಲ, ಅಲ್ವಾ?

ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದೆ. ಕನ್ನಡಕ ಇನ್ನೂ ಅಣ್ಣನಿಗೆ ವಾಪಸ್ ಕೊಟ್ಟಿಲ್ಲ.