'ಏನೂ ಇಲ್ಲ' ಅಂದುಬಿಟ್ಟಿದ್ದೆ

ಎಂಆರ್‌ಐ ಟೆಕ್ನಿಷಿಯನ್ ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಈ ಕೆಲಸದಲ್ಲಿ ಬಾಯಿ ತಪ್ಪಿ ಆಡಿದ ಒಂದು ಮಾತು ಇವತ್ತಿಗೂ ಚುಚ್ಚುತ್ತದೆ.

ಎಪ್ಪತ್ತೆರಡರ ಅಜ್ಜಿ, ಜೊತೆಗೆ ಮಗ. ಚೀಟಿಯಲ್ಲಿ 'ತಲೆಸುತ್ತು' ಅಂತ ಮಾತ್ರ ಬರೆದಿತ್ತು. ಸ್ಕ್ಯಾನಿಗೆ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಸಬೇಕಲ್ವಾ, ಓಲೆ, ಸರ, ಹೇರ್‌ಪಿನ್ ಬಂತು. ಕಾಲುಂಗುರ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಸೋಪು ಹಚ್ಚಿ ತೆಗೆದು, ಅವರ ಕಣ್ಣೆದುರೇ ಮಗನ ಕೈಗೆ ಕೊಟ್ಟೆ. ಟೇಬಲ್ ಮೇಲೆ ಮಲಗಿಸುವಾಗ "ನನ್ನ ಕಾಲುಂಗುರ ಎಲ್ಲಪ್ಪಾ?" ಅಂದರು. ಹೇಳಿದೆ. ತಲೆಗೆ ಕಾಯಿಲ್ (ಸಿಗ್ನಲ್ ಹಿಡಿಯುವ ಪಂಜರದಂಥ ಸಾಧನ) ಹಾಕುವಾಗ ಮತ್ತೆ ಅದೇ ಪ್ರಶ್ನೆ. ಇಳಿಸುವಾಗಲೂ ಅದೇ, ಈಗಷ್ಟೇ ನೆನಪಾದವರ ಹಾಗೆ. ವಯಸ್ಸಾದವರು, ಗಾಬರಿ ಇರಬೇಕು ಅಂದುಕೊಂಡು ಸುಮ್ಮನಾದೆ.

ಹೊರಗೆ ಮಗ "ಏನಾದ್ರೂ ಇದೆಯಾ ಸರ್?" ಅಂದರು. ಗೆಡ್ಡೆ ಇಲ್ಲ, ಸ್ಟ್ರೋಕ್ ಇಲ್ಲ. "ಏನೂ ಇಲ್ಲ, ವಯಸ್ಸಿಗೆ ತಕ್ಕ ಹಾಗಿದೆ" ಅಂದುಬಿಟ್ಟೆ. ಅದನ್ನು ಹೇಳುವುದು ಚಿತ್ರ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್, ಅಂದರೆ ರೇಡಿಯಾಲಜಿಸ್ಟ್ ಕೆಲಸ, ನನ್ನದಲ್ಲ.

ಒಂದೂವರೆ ವರ್ಷದ ಮೇಲೆ ಅದೇ ಅಜ್ಜಿ ಬಂದರು. ಈ ಸಲ ಚೀಟಿಯಲ್ಲಿ 'ಮರೆವು' ಅಂತಿತ್ತು. "ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ, ಬೇಕಂತಲೇ ಹೀಗೆ ಆಡ್ತಾರೆ ಅಂತ ಅಮ್ಮನ ಮೇಲೆ ರೇಗ್ತಿದ್ವಿ" ಅಂದರು ಮಗ.

ಮರೆವು ಅಂತ ಗೊತ್ತಿದ್ದರೆ ನಾವು ಚಿತ್ರ ತೆಗೆಯುವ ಬಗೆಯೇ ಬೇರೆ. ಹೊಸ ನೆನಪು ಕೂಡಿಡುವ ಮೆದುಳಿನ ಭಾಗ ಹಿಪೊಕ್ಯಾಂಪಸ್. ಅದಕ್ಕೆ ಅಡ್ಡಲಾಗಿ ತೆಳುವಾದ ಸ್ಲೈಸ್‌ಗಳ ಚಿತ್ರ ತೆಗೆಯುತ್ತೇವೆ. ಆ ಭಾಗ ಎಷ್ಟು ಕುಗ್ಗಿದೆ ಅಂತ ನೋಡಿ ರೇಡಿಯಾಲಜಿಸ್ಟ್ 0ಯಿಂದ 4ರವರೆಗೆ ಅಂಕ ಹಾಕುತ್ತಾರೆ, ಹೆಚ್ಚು ಕುಗ್ಗಿದಷ್ಟೂ ಹೆಚ್ಚು ಅಂಕ. 1992ರಿಂದ ಬಳಕೆಯಲ್ಲಿರುವ ಪದ್ಧತಿ ಇದು. 80ರವರಿಗೆ 2 ಬಂದರೆ ವಯಸ್ಸಿನ ಲೆಕ್ಕ, 65ರವರಿಗೆ ಅದೇ 2 ಬಂದರೆ ಅನುಮಾನ. ತಲೆಸುತ್ತಿನ ಚೀಟಿಗೆ ನಾನು ಆ ಸ್ಲೈಸ್ ತೆಗೆದೇ ಇರಲಿಲ್ಲ.

ತೆಗೆದಿದ್ದರೂ ಸಿಗುತ್ತಿತ್ತು ಅನ್ನೋ ಹಾಗಿಲ್ಲ. ಮರೆವಿನ ಕಾಯಿಲೆ ಅಲ್ಜೈಮರ್‌ನ ಶುರುವಿನಲ್ಲಿ ಎಂಆರ್‌ಐ ಚೆನ್ನಾಗಿಯೇ ಕಾಣಬಹುದು. ರಿಪೋರ್ಟಿನಲ್ಲಿ 'ಮೆದುಳು ಕುಗ್ಗಿದೆ' ಅಂತಿದ್ದರೂ ಅಡಿಕೆ ರೇಟು, ಬಡ್ಡಿ ಲೆಕ್ಕ ಬಾಯಲ್ಲೇ ಹೇಳುವ ಅಜ್ಜಂದಿರೂ ಬರುತ್ತಾರೆ. ನನ್ನ ಕೇಳಿದರೆ, ಮರೆವಿಗೆ ಸ್ಕ್ಯಾನ್ ಮಾಡಿಸುವುದರ ದೊಡ್ಡ ಲಾಭ ವಾಸಿಯಾಗುವಂಥದ್ದು ಏನಾದರೂ ಇದೆಯಾ ಅಂತ ಹುಡುಕುವುದರಲ್ಲಿದೆ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾಗಿರುತ್ತದೆ, ಎಲ್ಲರೂ ಮರೆತಿರುತ್ತಾರೆ. ಬುರುಡೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿ, ವಾರಗಳ ಮೇಲೆ ಅರಳುಮರಳು ಶುರುವಾಗುತ್ತದೆ. ಬುರುಡೆಗೆ ಸಣ್ಣ ತೂತು ಕೊರೆದು ಅದನ್ನು ತೆಗೆದರೆ ಎಷ್ಟೋ ಜನ ಮೊದಲಿನ ಹಾಗಾಗುತ್ತಾರೆ. ಬಿ12 ಕಮ್ಮಿಯಾಗಿದ್ದರೆ, ಥೈರಾಯ್ಡ್ ಇದ್ದರೆ ರಕ್ತ ಪರೀಕ್ಷೆಯೇ ಹೇಳಬೇಕು.

ಈಗ ವಯಸ್ಸಾದವರು ಬಂದರೆ ಚೀಟಿ ಪಕ್ಕಕ್ಕಿಟ್ಟು "ಮನೇಲಿ ಏನು ತೊಂದರೆ?" ಅಂತ ಕೇಳುತ್ತೇನೆ. ಕಂಡದ್ದನ್ನು ಫಾರ್ಮಿನ ಅಂಚಿನಲ್ಲಿ ಬರೆಯುತ್ತೇನೆ: 'ಅರ್ಧ ಗಂಟೆಯಲ್ಲಿ ಒಂದೇ ಪ್ರಶ್ನೆ 3 ಸಲ.' ರೇಡಿಯಾಲಜಿಸ್ಟ್ ಅದನ್ನು ಓದಿಯೇ ಚಿತ್ರ ತೆರೆಯುತ್ತಾರೆ.

ಆ ಅಜ್ಜಿಗೆ ಎರಡನೇ ಸ್ಕ್ಯಾನಿನಲ್ಲಿ ಅಂಕ 3 ಬಂತು. ಅವತ್ತು ಕಾಲುಂಗುರ ಮನೆಯಲ್ಲೇ ತೆಗೆದಿಟ್ಟು ಬಂದಿದ್ದರು. ಆದರೂ ಕೇಳಿದರು.