ಮಾರ್ಚ್ 2, 2020: ಟೇಬಲ್ ಮೇಲೆ ಇನ್ನೂ ಹಾಗೇ ಇರೋ ಬ್ಯಾಲೆಟ್

ಸೋಮವಾರ, ರಾತ್ರಿ 11.20, ಸನ್ನಿವೇಲ್

ಮೂರು ವಾರದಿಂದ ಪೋಸ್ಟಲ್ಲಿ ಬಂದ ಬ್ಯಾಲೆಟ್ ಕವರ್ ಡೈನಿಂಗ್ ಟೇಬಲ್ ಮೇಲೆ ಉಪ್ಪಿನಕಾಯಿ ಜಾಡಿ ಪಕ್ಕದಲ್ಲೇ ಬಿದ್ದಿದೆ, ಮೂಲೇಲಿ ಎಣ್ಣೆ ಕಲೆ ಬೇರೆ ಆಗ್ಬಿಟ್ಟಿದೆ. ನಾಳೆ ಸೂಪರ್ ಟ್ಯೂಸ್ಡೇ, 14 ರಾಜ್ಯಗಳಲ್ಲಿ ಒಂದೇ ದಿನ ಡೆಮಾಕ್ರಾಟಿಕ್ ಪ್ರೈಮರಿ, ಅಂದ್ರೆ ಪ್ರೆಸಿಡೆಂಟ್ ಚುನಾವಣೆಗೆ ಆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ವೋಟಿಂಗ್, ನಮ್ಮ ಕ್ಯಾಲಿಫೋರ್ನಿಯಾ ಒಂದಕ್ಕೇ 415 ಡೆಲಿಗೇಟ್ಸು (ಕೊನೆಗೆ ಪಕ್ಷದ ಸಭೇಲಿ ಅಭ್ಯರ್ಥಿನ ಆರಿಸೋ ಪ್ರತಿನಿಧಿಗಳು), ನಾನು ನೋಡಿದ್ರೆ ಯಾರಿಗೆ ಅಂತ ಇನ್ನೂ ಗುರುತು ಹಾಕಿಲ್ಲ. ಮನಸ್ಸಲ್ಲಿ ಒಂದು ಹೆಸರು ಇತ್ತು, ಈಗಲೂ ಇದೆ, ಆದ್ರೆ ಶನಿವಾರದಿಂದ ಈಚೆಗೆ ಎಲ್ಲಾ ತಲೆಕೆಳಗಾಗೋಯ್ತು.

ಅಯೋವಾದಲ್ಲಿ ನಾಲ್ಕನೇದು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇದು ಬಂದಿದ್ದ ಬೈಡನ್ ಶನಿವಾರ ಸೌತ್ ಕ್ಯಾರೊಲಿನಾದಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ವೋಟ್ ತಗೊಂಡು ಗೆದ್ರು. ಭಾನುವಾರ ಇನ್ನೊಬ್ಬ ಅಭ್ಯರ್ಥಿ ಪೀಟ್ ಬೂಟಜೆಜ್ ಹಿಂದೆ ಸರಿದ್ರು, ಇವತ್ತು ಏಮಿ ಕ್ಲೋಬಶರ್, ಅವರ ಊರು ಮಿನೆಸೋಟಾದಲ್ಲಿ ನಾಳೇನೇ ವೋಟಿಂಗ್ ಇದ್ರೂ ಕಾಯ್ಲಿಲ್ಲ. ಸಾಯಂಕಾಲ ಸಾರಿಗೆ ಒಗ್ಗರಣೆ ಹಾಕ್ತಾ ಫೋನಲ್ಲಿ ನೋಡ್ತಿದ್ದೆ, ಡಲ್ಲಾಸ್‌ಗೆ ಬಂದು ಇಬ್ಬರೂ ಬೈಡನ್‌ಗೆ ಬೆಂಬಲ ಹೇಳಿದ್ರು. ಸಾಸಿವೆ ಸೀದು ಹೋಯ್ತು, ಇನ್ನೊಂದು ಸಲ ಹಾಕಿದೆ.

ನನ್ನ ಫ್ರೆಂಡ್ ಒಬ್ಬಳು ಎರಡು ವಾರದ ಹಿಂದೆಯೇ ಪೀಟ್‌ಗೆ ವೋಟ್ ಹಾಕಿ ಪೋಸ್ಟ್ ಮಾಡ್ಬಿಟ್ಟಿದ್ಲು. ಕಳಿಸಿದ್ದು ಕಳಿಸಿದ್ದೇ, ವಾಪಸ್ ತಗೊಂಡು ಬೇರೆಯವರಿಗೆ ಹಾಕೋಕೆ ಬರಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ ಅಳೋ ಥರ ಮಾತಾಡಿದ್ಲು, "ಮೊದಲನೇ ವೋಟ್ ಕಣೇ, ಹೀಗಾಯ್ತಲ್ಲ" ಅಂತ. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ನಾನು ತಡ ಮಾಡಿದ್ದಕ್ಕೆ ಇವರು ಬೈತಿದ್ರು, ಈಗ ನೋಡಿದ್ರೆ ತಡ ಮಾಡಿದ್ದೇ ಒಳ್ಳೇದಾಯ್ತು.

ನಂದೂ ಮೊದಲನೇದೇ. 2017ರಲ್ಲಿ ಸಿಟಿಜನ್ ಆಗಿದ್ದು, ಅವತ್ತು ಫಾರಂ ತುಂಬುವಾಗ ಯಾವ ಪಾರ್ಟಿ ಅಂತ ಕೇಳಿದ್ದಕ್ಕೆ ಯಾವುದೂ ಬೇಡ ಅಂತ ಬರೆದಿದ್ದೆ. ಹಾಗೆ ಬರೆದವರು ಡೆಮಾಕ್ರಾಟಿಕ್ ಬ್ಯಾಲೆಟ್ ಬೇಕು ಅಂತ ಮುಂಚೇನೇ ಕೇಳಿ ತರಿಸ್ಕೋಬೇಕು, ಇಲ್ದಿದ್ರೆ ಬರೋ ಬ್ಯಾಲೆಟ್‌ನಲ್ಲಿ ಪ್ರೆಸಿಡೆಂಟ್ ಜಾಗವೇ ಇರಲ್ಲ. ಇವರ ಆಫೀಸಿನ ಒಬ್ಬರು ಇಂಡಿಪೆಂಡೆಂಟ್ ಅನ್ನೋ ಪದ ನೋಡಿ ಟಿಕ್ ಮಾಡಿದ್ರಂತೆ, ಅದು ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ ಅಂತ ಬೇರೇನೇ ಒಂದು ಪಕ್ಷ! ನಾಳೆ ವೋಟ್ ಸೆಂಟರ್‌ಗೆ ಹೋಗಿ ಪಾರ್ಟಿ ಬದಲಾಯಿಸಿ ಅಲ್ಲೇ ಹಾಕ್ಬಹುದು ಅಂತ ಹೇಳಿ ಕಳಿಸಿದೀನಿ.

ಅಮ್ಮನಿಗೆ ಹಾಸನಕ್ಕೆ ಫೋನ್ ಮಾಡಿದಾಗ ಇದೆಲ್ಲಾ ಬಿಡಿಸಿ ಹೇಳ್ದೆ. "ಅಂದ್ರೆ ಬಿ ಫಾರಂ ಯಾರಿಗೆ ಅಂತ ನೀವೇ ವೋಟ್ ಹಾಕ್ತೀರಾ?" ಅಂದ್ರು. ಹೌದಮ್ಮ, ಅದೇ. ಹೈಕಮಾಂಡ್ ಬಾಗಿಲಲ್ಲಿ ಯಾರೂ ಕಾಯೋ ಹಾಗಿಲ್ಲ, ಊರೂರಿಗೆ ಬಂದು ಜನರನ್ನೇ ಕೇಳ್ಬೇಕು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಒಳ್ಳೇ ಪದ್ಧತಿ, ಯೋಚನೆ ಮಾಡಿ ಹಾಕು ಪುಟ್ಟಿ" ಅಂದ್ರು. ಆ ಮಾತೇ ಇವತ್ತೆಲ್ಲಾ ಕಿವಿಯಲ್ಲಿದೆ.

ಮನೇಲಿ ವೋಟ್ ಇರೋರು ಮೂರು ಜನ, ಮೂರು ಅಭ್ಯರ್ಥಿ. ಇವರು ಬೈಡನ್. ಇವರ ವಾದ ಒಂದೇ, ಟ್ರಂಪ್ ಸೋಲಬೇಕು, 2016ರಲ್ಲಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿಸಿದ್ರೂ ಅಂತರ 80 ಸಾವಿರ ವೋಟಿಗೂ ಕಡಿಮೆ, ಆ ರಾಜ್ಯಗಳನ್ನ ವಾಪಸ್ ತರೋರು ಯಾರು ಅಂತ ಮಾತ್ರ ನೋಡು ಅಂತಾರೆ. ಡೇವಿಸ್‌ನಲ್ಲಿ ಓದ್ತಿರೋ ಮಗಳು ಬರ್ನಿ ಸ್ಯಾಂಡರ್ಸ್ ಪರ ಮನೆ ಮನೆ ಬಾಗಿಲು ತಟ್ತಿದಾಳೆ. ನಮ್ಮ ಕಾಂಗ್ರೆಸ್‌ಮನ್ ರೋ ಖನ್ನಾನೂ ಬರ್ನಿ ಕ್ಯಾಂಪೇನ್‌ನ ಕೋ-ಚೇರ್. ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಕಳೆದ ವಾರ ಟ್ರಂಪ್ ಅಹಮದಾಬಾದ್‌ಗೆ ಹೋಗಿ ಬಂದಾಗಿಂದ ಬರ್ನಿ ಹೆಸರೆತ್ತಿದ್ರೆ ಸಾಕು ಜಗಳ, ದೆಹಲಿ ಗಲಭೆ ಬಗ್ಗೆ ಅವರು ಮಾತಾಡಿದ್ದು ಕೆಲವರಿಗೆ ಸರಿಬಂದಿಲ್ಲ. ನನಗೆ ಆ ಮಾತಲ್ಲಿ ತಪ್ಪು ಕಾಣ್ಲಿಲ್ಲ. ಆದ್ರೆ ನಾನು ವೋಟ್ ಹಾಕ್ತಿರೋದು ಈ ದೇಶದಲ್ಲಿ, ಇಲ್ಲಿನ ಬದುಕು ನೋಡಿ ಹಾಕ್ಬೇಕು ಅನ್ಸುತ್ತೆ.

ನನ್ನದು ಎಲಿಜಬೆತ್ ವಾರನ್. ಕಾರಣ ಹೇಳ್ಬೇಕು ಅಂದ್ರೆ 2018ರ ಅಕ್ಟೋಬರ್‌ಗೆ ಹೋಗ್ಬೇಕು. ಇವರ ಕಂಪನಿಯಲ್ಲಿ ಲೇಆಫ್ ಆಯ್ತು, ನಂದು ಕಾಂಟ್ರಾಕ್ಟ್ ಕೆಲಸ, ಇನ್ಶೂರೆನ್ಸ್ ಎಲ್ಲಾ ಇವರ ಕಡೆಯಿಂದಲೇ ಇತ್ತು. ಕೆಲಸ ಹೋದ್ರೆ ಅದೇ ಪಾಲಿಸಿನ ಕೋಬ್ರಾ ಅಂತ ನಮ್ಮ ದುಡ್ಡಲ್ಲೇ ಮುಂದುವರಿಸ್ಬಹುದು, ನಾಲ್ಕು ಜನಕ್ಕೆ ತಿಂಗಳಿಗೆ ಎರಡು ಸಾವಿರ ಡಾಲರ್ ಮೇಲೆ ಬಂತು, ಸಂಬಳ ನಿಂತಿರೋ ಮನೇಲಿ. ಆ ಕಾಗದಪತ್ರ ಮುಗಿಯೋ ಮುಂಚೆ ಚಿಕ್ಕವನಿಗೆ ವೀಸಿಂಗ್ ಜಾಸ್ತಿಯಾಗಿ ಇನ್‌ಹೇಲರ್ ತರೋಕೆ ಫಾರ್ಮಸಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗಿ ಎರಡು ಸಲ ಟೈಪ್ ಮಾಡಿ ನೋಡಿ, ದನಿ ತಗ್ಗಿಸಿ "286 ಡಾಲರ್ ತೋರಿಸ್ತಿದೆ" ಅಂದ್ಲು. ಮುಂಚೆ ಅದಕ್ಕೆ 20 ಕೊಡ್ತಿದ್ದೆ. ಹಿಂದೆ ಕ್ಯೂ ಇತ್ತು, ಕಾರ್ಡ್ ಕೊಟ್ಟೆ, ಆಚೆ ಬಂದು ಕಾರಲ್ಲಿ ಕೂತು ಸ್ಟಾರ್ಟ್ ಮಾಡೋಕೆ ಆಗ್ಲಿಲ್ಲ. ನಮ್ಮ ಹತ್ರ ಕಾರ್ಡ್ ಇತ್ತು. ಇಲ್ದಿರೋ ತಾಯಿ ಏನ್ ಮಾಡ್ತಾಳೆ?

ವಾರನ್ ರಾಜಕೀಯಕ್ಕೆ ಬರೋ ಮುಂಚೆ ದಿವಾಳಿ ಕಾನೂನು ಪಾಠ ಹೇಳ್ತಿದ್ದ ಪ್ರೊಫೆಸರ್, ಕುಟುಂಬಗಳು ಯಾಕೆ ದಿವಾಳಿ ಆಗ್ತವೆ ಅಂತ ಕೋರ್ಟ್ ಫೈಲುಗಳನ್ನ ತೆಗೆದು ನೋಡಿದವರು, ಅಲ್ಲಿ ಸಿಕ್ಕಿದ್ದು ದುಂದುವೆಚ್ಚ ಅಲ್ಲ, ಕಾಯಿಲೆ, ಕೆಲಸ ಹೋಗಿದ್ದು, ಸಂಸಾರ ಮುರಿದಿದ್ದು. ಆಮೇಲೆ ಸಾಲ, ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ಜನರಿಗೆ ಮೋಸ ಆಗದ ಹಾಗೆ ನೋಡ್ಕೊಳ್ಳೋಕೆ ಒಂದು ಸರ್ಕಾರಿ ಸಂಸ್ಥೆನೇ ಬೇಕು ಅಂತ ಹೇಳಿ, ಅದನ್ನ ಕಟ್ಟಿ ನಿಲ್ಸಿದ್ರು. ಬರ್ನಿ ಹೇಳೋ ಮೆಡಿಕೇರ್ ಫಾರ್ ಆಲ್, ಅಂದ್ರೆ ಎಲ್ಲರಿಗೂ ಸರ್ಕಾರದ ಆರೋಗ್ಯ ವಿಮೆ, ನನಗೂ ಬೇಕು, ಆದ್ರೆ ಸೆನೆಟ್‌ನಲ್ಲಿ ಅದನ್ನ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸೋದು ಹೇಗೆ ಅಂತ ಯೋಚನೆ ಮಾಡಿದವರು ವಾರನ್ನೇ ಅನ್ನೋದು ನನ್ನ ನಂಬಿಕೆ. 50 ಮಿಲಿಯನ್ ದಾಟಿದ ಆಸ್ತಿಗೆ ಡಾಲರಿಗೆ ಎರಡು ಸೆಂಟ್ ತೆರಿಗೆ ಅಂತಾರೆ, ಅದರಲ್ಲಿ ಮಕ್ಕಳ ಡೇಕೇರ್ ನಡೆಸ್ತೀನಿ ಅಂತಾರೆ, ಲೆಕ್ಕ ಬಿಚ್ಚಿ ಮುಂದಿಡ್ತಾರೆ.

ಆದ್ರೆ ಅಯೋವಾದಲ್ಲಿ ಮೂರನೇದು, ಆಮೇಲೆ ಎರಡು ಕಡೆ ನಾಲ್ಕು, ಶನಿವಾರ ಐದು. ಶೇ 15 ದಾಟದಿದ್ರೆ ಡೆಲಿಗೇಟ್ ಒಬ್ಬರೂ ಸಿಗಲ್ಲ, ರಾಜ್ಯದ ಲೆಕ್ಕದಲ್ಲೂ ಅಷ್ಟೇ, ನಮ್ಮ ಡಿಸ್ಟ್ರಿಕ್ಟ್ ಲೆಕ್ಕದಲ್ಲೂ ಅಷ್ಟೇ. ಇವರು ಅದನ್ನೇ ಹಿಡ್ಕೊಂಡು ಕೂತಿದಾರೆ, ವಾರನ್‌ಗೆ ಹಾಕಿದ್ರೆ ನೀರಲ್ಲಿ ಹೋಮ ಮಾಡಿದ ಹಾಗೆ ಅಂತ. ನಿನ್ನೆಯೆಲ್ಲಾ ನನಗೂ ಹಾಗೇ ಅನ್ಸಿತ್ತು, ಬೈಡನ್‌ಗೇ ಹಾಕಿಬಿಡೋಣ ಅಂತ ಪೆನ್ನೂ ತಗೊಂಡಿದ್ದೆ.

ಸಾಯಂಕಾಲ ಪಕ್ಕದ ಮನೆ ಹುಡುಗಿ ಕೊತ್ತಂಬರಿ ಸೊಪ್ಪು ಕೇಳೋಕೆ ಬಂದಿದ್ಲು. ದಾವಣಗೆರೆಯವರು, 2009ರಲ್ಲಿ ಬಂದಿದ್ದು, ಇನ್ನೂ ಎಚ್‌ವನ್‌ಬಿ ಕೆಲಸದ ವೀಸಾನೇ, ಹಾಗಾಗಿ ವೋಟ್ ಇಲ್ಲ. ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡ್‌ಗೆ ಒಂದೊಂದು ದೇಶಕ್ಕೆ ಶೇ 7 ಅಂತ ಇರೋ ಮಿತಿ ತೆಗೆಯೋ ಬಿಲ್ ಹೋದ ಜುಲೈನಲ್ಲಿ ಹೌಸ್‌ನಲ್ಲಿ 365 ವೋಟಿಂದ ಪಾಸಾಗಿ ಸೆನೆಟ್‌ನಲ್ಲಿ ಹಾಗೇ ಕೂತಿದೆ, ಅದರ ಪರ ಇದ್ದ ಕಮಲಾ ಹ್ಯಾರಿಸ್ ಡಿಸೆಂಬರ್‌ನಲ್ಲೇ ರೇಸ್ ಬಿಟ್ಟಾಯ್ತು. ಅವಳ ಮಗಳು ಇಲ್ಲೇ ಹುಟ್ಟಿದ್ದು, ಅಪ್ಪ ಅಮ್ಮನಿಗಿಂತ ಮೊದಲು ಆ ಮಗುವಿಗೇ ವೋಟ್ ಬರುತ್ತೋ ಏನೋ. ಟೇಬಲ್ ಮೇಲಿದ್ದ ಬ್ಯಾಲೆಟ್ ನೋಡಿ "ಮುಟ್ಟಬಹುದಾ ಅಕ್ಕಾ?" ಅಂದ್ಲು. ಕೈ ಒರೆಸ್ಕೊಂಡು ಬಿಚ್ಚಿ, ಒಂದೊಂದೇ ಹೆಸರು ಓದಿದ್ಲು, ಬಿಟ್ಟು ಹೋದವರ ಹೆಸರೂ ಅದರಲ್ಲಿದೆ. ಆಮೇಲೆ "ನಿಮಗೆ ಯಾರು ಇಷ್ಟಾನೋ ಅವರಿಗೇ ಹಾಕಿ ಅಕ್ಕಾ, ನಮಗಂತೂ ಇಲ್ಲ" ಅಂದು ಸೊಪ್ಪು ತಗೊಂಡು ಹೋದ್ಲು.

ನವೆಂಬರ್‌ನಲ್ಲಿ ಯಾರ ಹೆಸರಿದ್ರೂ, ಬೈಡನ್ ಆಗ್ಲಿ ಬರ್ನಿ ಆಗ್ಲಿ, ಮೊದಲನೇ ದಿನಾನೇ ಹಾಕ್ತೀನಿ, ಅದರಲ್ಲಿ ಎರಡು ಮಾತಿಲ್ಲ. ನಾಳೆ ಮಾತ್ರ ನನಗೆ ಯಾರು ಬೇಕು ಅಂತ ಕೇಳ್ತಿದಾರೆ, ಅದಕ್ಕೆ ಬೇರೆಯವರ ಉತ್ತರ ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲ. ಶೇ 15 ದಾಟದೇ ಇರ್ಬಹುದು, ಗೊತ್ತಿದ್ದೂ ಹಾಕ್ತಿದೀನಿ.

ಈಗಷ್ಟೇ ವಾರನ್ ಹೆಸರಿನ ಪಕ್ಕ ಕಪ್ಪು ಪೆನ್ನಲ್ಲಿ ತುಂಬಿದೆ. ಅದೇ ಬ್ಯಾಲೆಟ್‌ನಲ್ಲಿ ಕೇಳಿದ್ದ, ಶಾಲೆ ಕಟ್ಟಡಗಳಿಗೆ ರಾಜ್ಯ 15 ಬಿಲಿಯನ್ ಡಾಲರ್ ಸಾಲ ಎತ್ತೋ ಬಾಂಡ್‌ಗೂ ಹೂಂ ಅಂದೆ. ಲೈಸೆನ್ಸ್‌ನಲ್ಲಿರೋ ಥರಾನೇ ನಿಧಾನಕ್ಕೆ ಸಹಿ ಮಾಡಿ ಕವರ್ ಅಂಟಿಸಿದೆ. ಇವರ ಕವರ್ ಮೇಲೆ ನನ್ನದಿಟ್ಟು ಕಾರ್ ಕೀ ಪಕ್ಕ ಇಟ್ಟಿದೀನಿ, ಬೆಳಗ್ಗೆ ಚಿಕ್ಕವನನ್ನ ಸ್ಕೂಲಿಗೆ ಬಿಟ್ಟು ಲೈಬ್ರರಿ ಹತ್ರದ ಡ್ರಾಪ್ ಬಾಕ್ಸ್‌ಗೆ ಎರಡನ್ನೂ ನಾನೇ ಹಾಕಿ ಬರ್ತೀನಿ.